ಉಪ್ಪುಗೋಣಿ

ನವೆಂಬರಿನ ನಸುಕು, ಐದಕ್ಕೆ ಇನ್ನೂ ಹತ್ತು ನಿಮಿಷ.
ಉಮ್ಮುಲ್ ಕುವೈನಿನ ಹಿನ್ನೀರ ದಂಡೆಗೆ
ನಮ್ಮನ್ನಿಳಿಸಿ ಹೋಯಿತು ಬಸ್ಸು.
ಹನ್ನೊಂದು ಜನ, ಹನ್ನೊಂದು ಗುದ್ದಲಿ, ಒಂದು ನೀರಿನ ಕ್ಯಾನು.
ಕೆಲಸವೆಂದರೆ, ದಾರಿಬದಿ ಹಬ್ಬಿದ ಆ ದಪ್ಪೆಲೆಯ ಬಳ್ಳಿ ಕಿತ್ತು
ಪೆಟೂನಿಯ ನೆಡುವುದು. ಹಬ್ಬ ಬಂತಲ್ಲ, ಬಣ್ಣ ಬೇಕು.

ಸೂಪರ್‌ವೈಸರ್ ಶಾಬಾನ್ ಅದನ್ನು ಕರೆಯುವುದು ಸೆಸೂವಿಯಂ.
ನನಗೆ ಬಂದ ವಾರವೇ ಗುರುತು ಸಿಕ್ಕಿತ್ತು:
ಹೋಯ್, ಇದ್ ನಮ್ ಕೋಡಿ ಅಳ್ವೆ ಬದಿ ಉಪ್ಪುಗೋಣಿ ಅಲ್ದಾ!
ಹೇಳುವುದು ಯಾರಿಗೆ? ಪಕ್ಕದಲ್ಲಿದ್ದವ ಮಫಿಜುಲ್,
ಅವನಿಗೆ ನನ್ನ ಹೆಸರೇ ತಮಾಷೆ.
ಐವತ್ನಾಲ್ಕರ ಬಚ್ಚ ಮೊಗವೀರ ನಾನು,
ಅವನ ಬಾಯಲ್ಲಿ ಬಚ್ಚಾ, ಅಂದರೆ ಕೂಸು.
ಇಪ್ಪತ್ತಾರರ ಹುಡುಗ ಬೆನ್ನು ತಟ್ಟಿ ಕರೆಯುತ್ತಾನೆ,
ನೀರು ಕುಡಿ, ಕೂಸೇ.

ಊರಲ್ಲಿ ಇದನ್ನು ಯಾರೂ ನೆಟ್ಟದ್ದಿಲ್ಲ, ಕಿತ್ತದ್ದೂ ಇಲ್ಲ.
ಬಲೆ ಒಣಗಲು ಹಾಸಿದರೆ ಕೆಳಗೆ ಮೆತ್ತಗೆ ಇರುತ್ತಿತ್ತು, ಅಷ್ಟೆ.
ಮೀನಿನ ಮುಳ್ಳು ಹೊಕ್ಕರೆ ಅಕ್ಕಣಿ ದೊಡ್ಡಮ್ಮ
ಎಲೆ ಜಜ್ಜಿ ಗಾಯಕ್ಕೆ ಕಟ್ಟುತ್ತಿದ್ದಳು.
ಉಪ್ಪಿನ ಉರಿಗೆ ಮುಳ್ಳಿನ ನೋವು ಮರೆತೇಹೋಗುತ್ತಿತ್ತು.
ಅದೇ ಮದ್ದು.

ಕೀಳುವುದು ಸುಲಭ ಅಂದುಕೊಂಡಿದ್ದೆ.
ಎಳೆದರೆ ಬರುತ್ತದೆ, ಬಂದ ಹಾಗೆ ಮಾಡುತ್ತದೆ,
ಗಿಣ್ಣಲ್ಲಿ ಪಟ್ಟೆಂದು ಮುರಿದು
ಒಂದು ತುಂಡನ್ನು ಮರಳಲ್ಲೇ ಬಿಟ್ಟಿರುತ್ತದೆ.
ಪ್ರತಿ ಗಿಣ್ಣಿಗೂ ಬೇರಿನ ಆಸೆ.
ತುದಿಯ ಎಲೆ ಹಸಿರು, ಬುಡದ್ದು ಕೆಂಪು.
ಕೈರೋದಲ್ಲಿ ಕೃಷಿ ಓದಿದ ಶಾಬಾನ್ ಹೇಳಿದ:
ಹಳೆಯ ಎಲೆಗಳು ಉಪ್ಪನ್ನೆಲ್ಲ ತಮ್ಮೊಳಗೆ ತುಂಬಿಕೊಂಡು
ಉದುರಿಬಿಡುತ್ತವೆ, ಚಿಗುರಿಗೆ ತಾಗದ ಹಾಗೆ.
ನಾನು ಕೈಗವಸು ಸರಿಮಾಡಿಕೊಂಡೆ.

ಲಾರಿಗೆ ತುಂಬಿದ್ದು ನಲವತ್ತು ಚೀಲ.
ನಲವತ್ತೊಂದನೆಯದು ನನ್ನ ಸೀಟಿನ ಕೆಳಗೆ ಬಂತು.
ಕ್ಯಾಂಪಿನ ಹಿಂದೆ, ನೀರು ಸೋಸುವ ಯಂತ್ರ
ಕುಡಿಯಲಾಗದ್ದನ್ನೆಲ್ಲ ಪೈಪಿನಿಂದ ಉಗಿಯುವ ಜಾಗ.
ಬಿಳಿ ಪದರ ಕಟ್ಟಿದ ಆ ನೆಲದಲ್ಲಿ
ಇರುವೆ ಕೂಡ ಸುತ್ತು ಹಾಕಿ ಹೋಗುತ್ತದೆ.
ಅಲ್ಲಿ ಚೀಲ ಕೊಡವಿ ಮಲಗಲು ಹೋದೆ.

ಫೆಬ್ರವರಿಯ ಒಂದು ಶುಕ್ರವಾರ
ಮಫಿಜುಲ್ ಕತ್ತರಿ ಹಿಡಿದು ಹೊರಟ. ಅವನೂ ಭೋಲಾದ ಕಡಲವನು.
ಎರಡು ಸಲ ಕುದಿಸಿ, ಎರಡು ಸಲ ಬಸಿದು, ಹಿಂಡಿ,
ಒಣ ಸೀಗಡಿ ಹಾಕಿ ಹುರಿದ,
ರೂಢಿಯ ಕೈ, ಒಂದು ಚಮಚ ಉಪ್ಪೂ ಹಾಕಿದ.
ಹನ್ನೊಂದು ಜನರೂ ಕ್ಯಾನಿನ ಮುಂದೆ ಸಾಲು ನಿಂತೆವು.
ಉಪ್ಪು ತಿಂದವ ನೀರು ಕುಡಿಯಲೇಬೇಕು,
ನಮ್ಮಲ್ಲೊಂದು ಗಾದೆ ಎಂದು ಹಿಂದಿಗೆ ತರಲು ಹೋದೆ,
ಅರ್ಧ ದಾರಿಯಲ್ಲೇ ಅದು ಬೆದರಿಕೆಯಂತೆ ಕೇಳಿಸಿ ನಿಲ್ಲಿಸಿದೆ.
ರಾತ್ರಿ ನಿದ್ದೆ ಬರಲಿಲ್ಲ. ಉಪ್ಪಿನ ಋಣ ಅನ್ನುತ್ತಾರಲ್ಲ,
ನನ್ನದು ಯಾರಲ್ಲಿದೆ ಎಂದು ಲೆಕ್ಕ ಹಾಕಿದೆ:
ಹತ್ತೊಂಬತ್ತು ವರ್ಷ, ಮೂರು ಕಂಪನಿ,
ಎರಡನೆಯವನಲ್ಲಿ ಐದು ತಿಂಗಳ ಸಂಬಳ ಬಾಕಿ.
ಗಿಡದ್ದು ಯಾರಲ್ಲಿ? ಉಪ್ಪು ತಿಂದೂ ನೀರು ಕೇಳದ್ದು ಅದು.

ಮೇ ತಿಂಗಳಿಗೆ ಪೆಟೂನಿಯಗಳು
ಸುಟ್ಟ ಕಾಗದವಾದವು. ಪಾಪ, ಅವುಗಳ ತಪ್ಪೇನಿಲ್ಲ.
ಹಳೆಯದನ್ನೇ ಮತ್ತೆ ನೆಡಿ ಎಂದು ಆದೇಶ ಬಂತು,
ಚದರ ಮೀಟರಿಗೆ ಹದಿನಾರು ತುಂಡು.
ನರ್ಸರಿಯಲ್ಲಿ ಸಿಗಲಿಲ್ಲವಂತೆ. ಶಾಬಾನ್ ಕ್ಯಾಂಪಿನ ಹಿಂದೆ
ಬಂದು ನಿಂತ, ಪೈಪು ನೋಡಿದ, ನನ್ನನ್ನು ನೋಡಿದ,
ಚಾಕು ನನ್ನ ಕೈಗೆ ಕೊಟ್ಟ.
ಕೆಂಪೆಲೆ ತೆಗೆದುಬಿಡು, ಚೆಂದ ಕಾಣುವುದಿಲ್ಲ, ಎಂದ.
ಇರಲಿ ಬಿಡಿ ಎಂದೆ. ಅವನೂ ಯಾಕೆಂದು ಕೇಳಲಿಲ್ಲ.

ನಸುಕಿನ ಬಸ್ಸು. ಮಡಿಲಲ್ಲಿ ಚೀಲ, ಒದ್ದೆ, ತಂಪು.
ಹಿಂದಿನ ಸೀಟಿಂದ ಮಫಿಜುಲ್ ಮುಂದೆ ಬಾಗಿ ಪಿಸುಗುಟ್ಟಿದ:
ಬಚ್ಚಾ, ಒಂದು ಹಿಡಿ ಉಳಿಸಿದ್ದೀ ತಾನೆ?
ಈ ಸಲ ಉಪ್ಪು ಹಾಕುವುದಿಲ್ಲ.